ಪಟ್ಟಿ ಶುದ್ಧವಾದ ಮೇಲೆ ಎಚ್-ಇಂಡೆಕ್ಸ್: ನರವಿಜ್ಞಾನ ಸಂಶೋಧಕರ ಪೇಪರ್ ದಾಖಲೆ ಸಿದ್ಧಪಡಿಸುವ ಬಗೆ

ಒಬ್ಬರೇ ನರವಿಜ್ಞಾನಿಯ ಎಚ್-ಇಂಡೆಕ್ಸನ್ನು, ಅಂದರೆ ಅವರ ಪೇಪರ್‌ಗಳೆಷ್ಟು, ಅವನ್ನು ಎಷ್ಟು ಸಲ ಉಲ್ಲೇಖಿಸಲಾಗಿದೆ ಎಂಬೆರಡನ್ನೂ ಸೇರಿಸಿ ಹೇಳುವ ಅಂಕಿಯನ್ನು, ಗೂಗಲ್ ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಮೂರು ದತ್ತಾಂಶಕೋಶಗಳಲ್ಲೂ ನೋಡಿ. ಮೂರು ಕಡೆ ಮೂರು ಅಂಕಿ ಸಿಗುತ್ತವೆ, ಸಾಮಾನ್ಯವಾಗಿ ಸ್ಕಾಲರ್‌ನದು ಎಲ್ಲಕ್ಕಿಂತ ದೊಡ್ಡದು. ಯಾವುದೂ ಸುಳ್ಳಲ್ಲ. ಸ್ಕಾಲರ್ ಪಿಎಚ್‌.ಡಿ. ಥೀಸಿಸ್, ಪ್ರಿಪ್ರಿಂಟ್ (ಜರ್ನಲ್‌ನ ವಿಮರ್ಶೆಗೆ ಮೊದಲೇ ಹಂಚಿದ ರೂಪ), ಪುಸ್ತಕದ ಅಧ್ಯಾಯ, ಕಾಲೇಜಿನ ವೆಬ್‌ಸೈಟಿಗೆ ಹಾಕಿದ ಪಿಡಿಎಫ್ ಎಲ್ಲವನ್ನೂ ಎಣಿಸುತ್ತದೆ. ಉಳಿದೆರಡು ತಾವು ಆರಿಸಿ ಸೇರಿಸಿಕೊಂಡ ಜರ್ನಲ್‌ಗಳ ಒಳಗೇ ಹೆಚ್ಚಾಗಿ ಎಣಿಸುತ್ತವೆ. ತೊಂದರೆ ಇರುವುದು ಅಂಕಿಯ ಕೆಳಗಿನ ಪಟ್ಟಿಯಲ್ಲಿ. ಅದರೊಳಗೆ ಬೇರೆಯವರ ಪೇಪರ್ ಸೇರಿರಬಹುದು, ನಿಮ್ಮದೇ ಹಳೆಯ ಪೇಪರ್‌ಗಳು ಬಿಟ್ಟುಹೋಗಿರಬಹುದು, ಒಂದೇ ಕೆಲಸ ಎರಡು ಸಲ ಕೂತಿರಬಹುದು. ಪಟ್ಟಿ ಸರಿಯಾಗದೆ ಲೆಕ್ಕಕ್ಕೆ ಕೈ ಹಾಕಿದರೆ ಎಲ್ಲವನ್ನೂ ಮತ್ತೆ ಮಾಡಬೇಕಾಗುತ್ತದೆ.

ಫೆಲೋಶಿಪ್, ಬಡ್ತಿ ಅಥವಾ ಅನುದಾನಕ್ಕೆ ಅರ್ಜಿ ಹಾಕುವ ಸಂಶೋಧಕರಿಗಾಗಿ ಈ ಹೆಜ್ಜೆಗಳನ್ನು ಬರೆದಿದೆ. ಆಯ್ಕೆ ಸಮಿತಿಯಲ್ಲಿ ಕೂತು ಇನ್ನೊಬ್ಬರ ಪಟ್ಟಿ ಓದುವವರೂ ಇದೇ ದಾರಿಯಲ್ಲಿ ಹೋಗಬಹುದು. ಐವತ್ತರ ಸುಮಾರು ಪೇಪರ್ ಇರುವವರು ಮೊದಲ ಸಲಕ್ಕೆ ಎರಡು ದಿನ ಇಟ್ಟುಕೊಳ್ಳಿ.

ಹೆಸರಿನ ರೂಪಗಳನ್ನು ಮೊದಲು ಬರೆದಿಡಿ

ನಮ್ಮ ಕಡೆಯವರಿಗೆ ಅತಿ ಹೆಚ್ಚು ಪೇಪರ್ ಕಳೆದುಹೋಗುವುದು ಇಲ್ಲಿಯೇ. ದತ್ತಾಂಶಕೋಶಗಳೆಲ್ಲ ಪಾಶ್ಚಾತ್ಯ ಹೆಸರಿನ ಕ್ರಮದ ಮೇಲೆ ಕಟ್ಟಿದವು: ಮೊದಲು ಕೊಟ್ಟ ಹೆಸರು, ಕೊನೆಗೆ ಮನೆತನದ ಹೆಸರು. ಊರು, ತಂದೆಯ ಹೆಸರು, ತನ್ನ ಹೆಸರು ಎನ್ನುವ ಕ್ರಮಕ್ಕೆ ಅಲ್ಲಿ ಜಾಗವೇ ಇಲ್ಲ.

ಒಂದು ಕಾಲ್ಪನಿಕ ಹೆಸರು ತೆಗೆದುಕೊಳ್ಳೋಣ: ಊರು ಹಾಲಗೆರೆ, ತಂದೆ ರಂಗಪ್ಪ, ಹೆಸರು ಸುಮಿತ್ರಾ. ಎಂ.ಎಸ್ಸಿ. ಕಾಲದ ಪೇಪರ್‌ನಲ್ಲಿ ಎಚ್. ಆರ್. ಸುಮಿತ್ರಾ ಎಂದಿರುತ್ತದೆ. ವೈದ್ಯಕೀಯ ಪೇಪರ್‌ಗಳ ಕೋಶವಾದ ಪಬ್‌ಮೆಡ್ ಅದನ್ನು 'ಸುಮಿತ್ರಾ ಎಚ್‌ಆರ್' ಎಂದು ದಾಖಲಿಸುತ್ತದೆ. ಪಿಎಚ್‌.ಡಿ. ಹೊತ್ತಿಗೆ ಜರ್ನಲ್‌ನ ಫಾರಂ ಮನೆತನದ ಹೆಸರು ಕಡ್ಡಾಯ ಎಂದಾಗ ತಂದೆಯ ಹೆಸರು ತುಂಬುತ್ತಾರೆ. ಈಗ ಅವರು 'ರಂಗಪ್ಪ ಎಸ್'. ಪಾಸ್‌ಪೋರ್ಟಿನಲ್ಲಿ ಹೆಸರು ಬಿಡಿಸಿ ಬರೆದದ್ದರಿಂದ ವಿದೇಶದ ಪೋಸ್ಟ್‌ಡಾಕ್‌ನಲ್ಲಿ 'ಹಾಲಗೆರೆ ಎಸ್‌ಆರ್' ಆಗುತ್ತಾರೆ. ಇನ್ನೊಂದು ಫಾರಂನಲ್ಲಿ ಕೊನೆಯ ಹೆಸರಿನ ಜಾಗಕ್ಕೆ ಬರೀ ಇನಿಷಿಯಲ್ ಹಾಕಿದರೆ 'ಆರ್ ಎಸ್' ಎಂಬ ಎರಡಕ್ಷರ ಉಳಿಯುತ್ತದೆ. ಆ ರೂಪವನ್ನು ಹುಡುಕಲು ಹೋದರೆ ಸಂಬಂಧವೇ ಇಲ್ಲದ ಪೇಪರ್‌ಗಳ ರಾಶಿ ಬಂದು ಬೀಳುತ್ತದೆ. ಫಾರಂ ಖಾಲಿ ಬಿಡಲು ಒಪ್ಪದೆ 'ಸುಮಿತ್ರಾ ಸುಮಿತ್ರಾ' ಎಂದು ಎರಡು ಸಲ ಬರೆದವರೂ ಇದ್ದಾರೆ.

ಇದರ ಮೇಲೆ ಇಂಗ್ಲಿಷ್ ಕಾಗುಣಿತ. ತಕಾರಕ್ಕೆ ದಕ್ಷಿಣದವರು ಟಿ-ಎಚ್ ಹಾಕುತ್ತೇವೆ, ದಿಲ್ಲಿಯ ಸಹಲೇಖಕರು ಟಿ ಒಂದನ್ನೇ ಹಾಕಿ ಕಳಿಸಿಬಿಡುತ್ತಾರೆ. ಗೌಡ, ಮೂರ್ತಿ, ಶ್ರೀನಿವಾಸ, ಲಕ್ಷ್ಮಿ ಇವಕ್ಕೆಲ್ಲ ಮೂರು ನಾಲ್ಕು ಕಾಗುಣಿತಗಳು ಬಳಕೆಯಲ್ಲಿವೆ. ಮದುವೆಯ ನಂತರ ಹೆಸರು ಬದಲಾಗಿದ್ದರೆ ಅದನ್ನೂ ಸೇರಿಸಿ. ಇಂಥ ಎಲ್ಲ ರೂಪಗಳನ್ನೂ ಒಂದು ಹಾಳೆಯಲ್ಲಿ ಬರೆದ ಮೇಲೆಯೇ ಮುಂದಿನ ಹೆಜ್ಜೆ.

ಜೊತೆಗೆ ಆರ್ಕಿಡ್ ಐಡಿ ಇಲ್ಲದಿದ್ದರೆ ಈಗಲೇ ಮಾಡಿಕೊಳ್ಳಿ. 2012ರ ಅಕ್ಟೋಬರ್‌ನಲ್ಲಿ ಶುರುವಾದ ಈ ವ್ಯವಸ್ಥೆ ಪ್ರತಿ ಸಂಶೋಧಕರಿಗೂ ನಾಲ್ಕು ನಾಲ್ಕರ ಗುಂಪಿನಲ್ಲಿ ಹದಿನಾರು ಸ್ಥಾನಗಳ ಗುರುತು ಕೊಡುತ್ತದೆ. ಕೊನೆಯ ಸ್ಥಾನದಲ್ಲಿ ಅಂಕಿಯ ಬದಲು ಎಕ್ಸ್ ಬಂದರೆ ಗಾಬರಿ ಬೇಡ, ಅದು ತಾಳೆ ನೋಡುವ ಅಕ್ಷರ. ಹಣ ಕೊಡಬೇಕಾಗಿಲ್ಲ. ಹೆಸರಿನ ಇತರ ರೂಪಗಳನ್ನು ಹಾಕಲು ಅಲ್ಲೊಂದು ಜಾಗವಿದೆ, ನಿಮ್ಮ ಹಾಳೆಯನ್ನು ಅಲ್ಲಿ ಪೂರ್ತಿ ತುಂಬಿ. ಕ್ರಾಸ್‌ರೆಫ್‌ಗೆ (ಪೇಪರ್‌ನ ಶಾಶ್ವತ ಗುರುತು ಸಂಖ್ಯೆಯಾದ ಡಿಒಐಯನ್ನು ನೋಂದಾಯಿಸುವ ಸಂಸ್ಥೆ) ಅನುಮತಿ ಕೊಟ್ಟರೆ, ಮುಂದೆ ನಿಮ್ಮ ಐಡಿ ಸೇರಿಸಿ ಡಿಒಐ ನೋಂದಾಯಿಸಿದ ಪೇಪರ್‌ಗಳು ತಾವಾಗಿಯೇ ಬಂದು ಸೇರುತ್ತವೆ. ಆರ್ಕಿಡ್ ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಬಂದ ಉಲ್ಲೇಖ) ಎಣಿಸುವುದಿಲ್ಲ. ಅದರ ಕೆಲಸ ಗುರುತು ಹಿಡಿಯುವುದಷ್ಟೇ.

ಮೂಲ ಶೀಟ್

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಸಾಕು. ಒಂದು ಸಾಲಿಗೆ ಒಂದು ಕೆಲಸ. ಅಂಕಣಗಳು: ಶೀರ್ಷಿಕೆ, ವರ್ಷ, ಜರ್ನಲ್, ಡಿಒಐ, ಪಬ್‌ಮೆಡ್ ಸಂಖ್ಯೆ, ಪ್ರಿಪ್ರಿಂಟಿನ ಡಿಒಐ, ಪೇಪರ್‌ನ ಬಗೆ, ಒಟ್ಟು ಲೇಖಕರು, ನಿಮ್ಮ ಸ್ಥಾನ, ನೀವು ಮಾಡಿದ ಕೆಲಸ, ತಿದ್ದುಪಡಿ ಅಥವಾ ಹಿಂತೆಗೆತ (ರಿಟ್ರ್ಯಾಕ್ಷನ್), ಆಮೇಲೆ ಒಂದೊಂದು ದತ್ತಾಂಶಕೋಶಕ್ಕೆ ಒಂದೊಂದು ಸೈಟೇಶನ್ ಅಂಕಣ, ನೋಡಿದ ದಿನಾಂಕ.

ಬಗೆಯ ಅಂಕಣದಲ್ಲಿ ಮೂಲ ಸಂಶೋಧನೆ, ರಿವ್ಯೂ (ಹಿಂದಿನ ಸಂಶೋಧನೆಗಳ ಸಮೀಕ್ಷೆ), ವಿಧಾನ ಅಥವಾ ಸಾಫ್ಟ್‌ವೇರ್ ಪೇಪರ್, ಕೇಸ್ ರಿಪೋರ್ಟ್, ಸಂಪಾದಕರಿಗೆ ಪತ್ರ, ಪುಸ್ತಕದ ಅಧ್ಯಾಯ, ಒಕ್ಕೂಟದ (ಕನ್ಸಾರ್ಟಿಯಂ) ಪೇಪರ್ ಎಂದು ಬೇರ್ಪಡಿಸಿ. ಇದನ್ನು ಉದಾಸೀನ ಮಾಡಿದವರು ಲೆಕ್ಕದ ಹೊತ್ತಿಗೆ ಮತ್ತೆ ಎಲ್ಲ ಪಿಡಿಎಫ್ ತೆರೆಯಬೇಕಾಗುತ್ತದೆ.

ನಿಮ್ಮ ಸ್ಥಾನ ಎನ್ನುವ ಅಂಕಣಕ್ಕೆ ನರವಿಜ್ಞಾನದಲ್ಲಿ ತೂಕ ಹೆಚ್ಚು. ಪ್ರಯೋಗಾಲಯದ ಪೇಪರ್‌ಗಳಲ್ಲಿ ಮೊದಲ ಹೆಸರು ಹೆಚ್ಚಿನ ಪ್ರಯೋಗ ಮಾಡಿದವರದು, ಕೊನೆಯದು ಲ್ಯಾಬ್ ನಡೆಸುವವರದು. 'ಸಮಾನ ಕೊಡುಗೆ' ಎಂಬ ಅಡಿಟಿಪ್ಪಣಿ ಇದ್ದರೆ ಎರಡನೆಯ ಹೆಸರೂ ಮೊದಲ ಲೇಖಕರೇ, ಆದರೆ ಪಬ್‌ಮೆಡ್‌ನ ಮೊದಲ ಲೇಖಕರ ಹುಡುಕಾಟ ಅವರನ್ನು ಹಿಡಿಯುವುದಿಲ್ಲ. ಅದನ್ನು ಕೈಯಾರೆ ಬರೆಯಬೇಕು. ಈಚಿನ ಪೇಪರ್‌ಗಳಲ್ಲಿ ಹದಿನಾಲ್ಕು ಪಾತ್ರಗಳ ಕ್ರೆಡಿಟ್ ಪಟ್ಟಿ ಕೊನೆಯಲ್ಲಿರುತ್ತದೆ: ಪರಿಕಲ್ಪನೆ, ವಿಧಾನ, ಸಾಫ್ಟ್‌ವೇರ್, ವಿಶ್ಲೇಷಣೆ, ಹಣ ತಂದದ್ದು ಇತ್ಯಾದಿ. ನಿಮ್ಮ ಹೆಸರಿನ ಮುಂದೆ ಏನಿದೆಯೋ ಅದನ್ನೇ ಶೀಟಿಗೆ ಇಳಿಸಿ. ಭಾರತದಲ್ಲಿ ಇದಕ್ಕೆ ನೇರ ಅಂಕಗಳೂ ಇವೆ: ಯುಜಿಸಿಯ 2018ರ ನಿಯಮಾವಳಿಯ ಕೋಷ್ಟಕದಲ್ಲಿ, ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲ, ಪ್ರಧಾನ ಅಥವಾ ಕರೆಸ್ಪಾಂಡಿಂಗ್ ಲೇಖಕರಿಗೆ ಶೇ. 70, ಉಳಿದವರಿಗೆ ತಲಾ ಶೇ. 30.

ಪಬ್‌ಮೆಡ್‌ನಿಂದ ಶುರುಮಾಡಿ

ಶೀಟ್ ತುಂಬಲು ಸ್ಕಾಲರ್‌ನಿಂದ ಆರಂಭಿಸುವುದು ಸುಲಭ, ಆದರೆ ಕಸವನ್ನೂ ಹೊತ್ತು ತರುತ್ತೀರಿ. ಪಬ್‌ಮೆಡ್ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಉಚಿತ ಕೋಶ, ನರವಿಜ್ಞಾನದ ಬಹುಪಾಲು ಅಲ್ಲಿದೆ.

ಸರ್ಚ್ ಪೆಟ್ಟಿಗೆಯಲ್ಲಿ ಕೊನೆಯ ಹೆಸರು, ಒಂದು ಸ್ಪೇಸ್, ಚುಕ್ಕೆಯಿಲ್ಲದೆ ಇನಿಷಿಯಲ್‌ಗಳು, ಅದಕ್ಕೆ ತಾಗಿದಂತೆ ಚೌಕ ಆವರಣದಲ್ಲಿ ಎ-ಯು ಅಕ್ಷರಗಳು. ಹಾಳೆಯಲ್ಲಿರುವ ಎಲ್ಲ ರೂಪಗಳನ್ನೂ ಹೀಗೆ ಬರೆದು ನಡುವೆ ದೊಡ್ಡಕ್ಷರದ 'OR' (ಅಥವಾ) ಪದ ಜೋಡಿಸಿದರೆ ಒಂದೇ ಹುಡುಕಾಟದಲ್ಲಿ ಎಲ್ಲ ಬರುತ್ತವೆ. ಪೂರ್ಣ ಹೆಸರಿನ ಹುಡುಕಾಟ 2002ರಿಂದ ಈಚಿನ ಪೇಪರ್‌ಗಳಿಗಷ್ಟೇ ಕೆಲಸ ಮಾಡುತ್ತದೆ. ಅದಕ್ಕೂ ಹಿಂದಿನವಕ್ಕೆ ಇನಿಷಿಯಲ್ ರೂಪವೇ ಗತಿ.

ಫಲಿತಾಂಶ ಸಾವಿರ ದಾಟಿದರೆ ಸಂಸ್ಥೆಯ ಹೆಸರಿನಿಂದ ಸೋಸಬೇಕು ಅನ್ನಿಸುತ್ತದೆ. ಇಲ್ಲಿ ಎರಡು ಗುಂಡಿಗಳಿವೆ. ಒಂದು, 2014ಕ್ಕಿಂತ ಹಿಂದೆ ಪಬ್‌ಮೆಡ್ ಮೊದಲ ಲೇಖಕರ ಸಂಸ್ಥೆಯನ್ನು ಮಾತ್ರ ದಾಖಲಿಸುತ್ತಿತ್ತು. ನೀವು ಮೂರನೆಯ ಲೇಖಕರಾಗಿದ್ದ 2009ರ ಪೇಪರ್, ಮೊದಲ ಲೇಖಕರು ಬೇರೆ ಸಂಸ್ಥೆಯವರಾಗಿದ್ದರೆ, ಸೋಸುವಾಗ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಎರಡು, ಸಂಸ್ಥೆಯ ಹೆಸರಿಗೂ ರೂಪಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಕೆಲವೆಡೆ ಸಂಕ್ಷಿಪ್ತವಾಗಿ, ಕೆಲವೆಡೆ ಪೂರ್ಣವಾಗಿ, ಅದರಲ್ಲೂ 'ನ್ಯೂರೋಸೈನ್ಸಸ್' ಕೂಡಿಸಿ ಒಮ್ಮೆ, ಬಿಡಿಸಿ ಒಮ್ಮೆ ಬಂದಿದೆ. ಸೋಸಿದ ಪಟ್ಟಿಯನ್ನೇ ನಂಬದೆ, ಹಳೆಯ ವರ್ಷಗಳಿಗೆ ವಿಷಯದ ಪದ ಹಾಕಿ ಇನ್ನೊಮ್ಮೆ ಹುಡುಕಿ: ಎಪಿಲೆಪ್ಸಿ, ಹಿಪೊಕ್ಯಾಂಪಸ್, ಇಇಜಿ, ನೀವು ಏನು ಮಾಡುತ್ತಿದ್ದಿರೋ ಅದು.

ಸಿಕ್ಕಿದ್ದನ್ನು ಪಬ್‌ಮೆಡ್‌ನಿಂದಲೇ ಸಿಎಸ್‌ವಿ ಕಡತವಾಗಿ ಇಳಿಸಿಕೊಂಡು ಶೀಟಿಗೆ ಹಾಕಿ. ಪಬ್‌ಮೆಡ್‌ನಲ್ಲಿ ಇಲ್ಲದವನ್ನು ಆಮೇಲೆ ಸೇರಿಸಿ. ಗಣಕ ನರವಿಜ್ಞಾನದವರಿಗೆ ಈ ಎರಡನೆಯ ಭಾಗ ದೊಡ್ಡದು, ನ್ಯೂರಿಪ್ಸ್‌ನಂಥ ಸಮ್ಮೇಳನಗಳ ಪೇಪರ್‌ಗಳನ್ನು ಪಬ್‌ಮೆಡ್ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ.

ಲೇಖಕರೋ, ಒಕ್ಕೂಟದ ಸದಸ್ಯರೋ

ಮಿದುಳಿನ ಚಿತ್ರಣ, ಆಲ್ಝೈಮರ್ಸ್, ಜಾಗತಿಕ ರೋಗಭಾರ ಇಂಥ ಕ್ಷೇತ್ರಗಳಲ್ಲಿ ನೂರಾರು ಜನರ ಒಕ್ಕೂಟಗಳಿವೆ. ಎಡಿಎನ್‌ಐ ಎಂಬ ಆಲ್ಝೈಮರ್ಸ್ ಚಿತ್ರಣ ಯೋಜನೆಯ ದತ್ತಾಂಶ ಬಳಸಿದ ಪೇಪರ್‌ಗಳಲ್ಲಿ ಲೇಖಕರ ಸಾಲಿನ ಕೊನೆಗೆ ಆ ಯೋಜನೆಯ ಹೆಸರು ಬರುತ್ತದೆ. ಯೋಜನೆಯ ಸದಸ್ಯರು ದತ್ತಾಂಶ ಒದಗಿಸಿದವರೇ ಹೊರತು ಈ ವಿಶ್ಲೇಷಣೆಯಲ್ಲೋ ಬರವಣಿಗೆಯಲ್ಲೋ ಪಾಲ್ಗೊಂಡಿಲ್ಲ ಎಂದು ಪೇಪರ್‌ನಲ್ಲೇ ಹೇಳಿರುತ್ತದೆ. ಪಬ್‌ಮೆಡ್ ಇಂಥ ಹೆಸರುಗಳನ್ನು ಲೇಖಕರಿಂದ ಬೇರೆಯಾಗಿ, ಸಹಯೋಗಿಗಳು ಎಂಬ ಗುಂಪಿನಲ್ಲಿ ಇಡುತ್ತದೆ. ಆದರೆ ಟ್ಯಾಗ್ ಹಾಕದೆ ಹೆಸರು ಹುಡುಕಿದರೆ ಇವೂ ಬರುತ್ತವೆ. ಸಹಯೋಗಿಯಾಗಿ ಮಾತ್ರ ಇರುವ ಪೇಪರನ್ನು ನಿಮ್ಮ ಪೇಪರ್ ಎಂದು ಎಣಿಸುವಂತಿಲ್ಲ. ಬೇಕಾದರೆ ಪ್ರತ್ಯೇಕ ತಲೆಬರಹದಡಿ ತೋರಿಸಿ.

ಗ್ಲೋಬಲ್ ಬರ್ಡನ್ ಆಫ್ ಡಿಸೀಸ್ ಪೇಪರ್‌ಗಳಲ್ಲಿ ಕಥೆ ಬೇರೆ. ಅಲ್ಲಿ ನೂರಾರು ಜನ ನಿಜಕ್ಕೂ ಲೇಖಕರ ಸಾಲಿನಲ್ಲಿರುತ್ತಾರೆ, ಒಂದೊಂದು ಪೇಪರ್‌ಗೆ ಸೈಟೇಶನ್ ಸಾವಿರಗಳಲ್ಲಿ ಬರುತ್ತದೆ. ಇವನ್ನು ಎಣಿಸುವುದು ತಪ್ಪಲ್ಲ, ಆದರೆ ಒಟ್ಟು ಸಂಖ್ಯೆಯನ್ನು ಇವಿಲ್ಲದೆಯೂ ಒಮ್ಮೆ ಹೇಳಬೇಕು. ಬುದ್ಧಿವಂತ ಸಮಿತಿ ಅದನ್ನು ಹೇಗಿದ್ದರೂ ಕೇಳುತ್ತದೆ.

ಪ್ರಿಪ್ರಿಂಟ್ ಮತ್ತು ಜೋಡಿ ದಾಖಲೆಗಳು

ಪ್ರಿಪ್ರಿಂಟ್ ತಾಣವಾದ ಬಯೋಆರ್‌ಕೈವ್ 2013ರ ನವೆಂಬರ್‌ನಲ್ಲಿ ಶುರುವಾದಂದಿನಿಂದ ಅದನ್ನು ಹೆಚ್ಚು ಬಳಸುವ ಕ್ಷೇತ್ರಗಳಲ್ಲಿ ನರವಿಜ್ಞಾನವೂ ಒಂದು. ಪ್ರಿಪ್ರಿಂಟಿಗೊಂದು ಡಿಒಐ, ಜರ್ನಲ್ ರೂಪಕ್ಕೊಂದು ಡಿಒಐ. ಶೀರ್ಷಿಕೆ ವಿಮರ್ಶೆಯ ಹೊತ್ತಿಗೆ ಬದಲಾಗಿದ್ದರೆ ಯಂತ್ರಗಳಿಗೆ ಅವೆರಡೂ ಒಂದೇ ಎಂದು ತಿಳಿಯದೆ ಸೈಟೇಶನ್ ಒಡೆದುಹೋಗುತ್ತದೆ. ಶೀಟಿನಲ್ಲಿ ಎರಡಕ್ಕೂ ಒಂದೇ ಸಾಲು, ಎರಡು ಅಂಕಣ.

ಸ್ಕಾಲರ್ ಪ್ರೊಫೈಲಿನಲ್ಲಿ ಎರಡನ್ನೂ ಟಿಕ್ ಮಾಡಿ 'ಮರ್ಜ್' ಒತ್ತಿ, ಜರ್ನಲ್ ರೂಪವನ್ನು ಮುಖ್ಯವೆಂದು ಆರಿಸಿ. ಕೆಲವು ಸಲ ಸೈಟೇಶನ್ ಸಂಖ್ಯೆಯ ಪಕ್ಕ ನಕ್ಷತ್ರ ಚಿಹ್ನೆ ಬರುತ್ತದೆ. ಆ ಲೆಕ್ಕದಲ್ಲಿ ಬೇರೆ ಪೇಪರಿನ ಸೈಟೇಶನ್ ಬೆರೆತಿರಬಹುದು ಎಂಬ ಸೂಚನೆ ಅದು. ಹಾಗಾದಾಗ ಸಂಖ್ಯೆಯ ಮೇಲೆ ಕ್ಲಿಕ್ ಮಾಡಿ ಉಲ್ಲೇಖಿಸಿದ ಪೇಪರ್‌ಗಳ ಪಟ್ಟಿ ನೋಡಿ. ಬೇರೆ ಪೇಪರ್‌ನವೇ ಬೆರೆತಿದ್ದರೆ ಮರ್ಜ್ ತೆಗೆದುಬಿಡಿ.

ಸ್ಕಾಲರ್‌ನ ಇನ್ನೊಂದು ಸೆಟ್ಟಿಂಗ್ ಇಂದೇ ಬದಲಿಸಿ. ಹೊಸ ಪೇಪರ್‌ಗಳನ್ನು ತಾನಾಗಿಯೇ ಸೇರಿಸಿಬಿಡುವ ಆಯ್ಕೆ ಆಫ್ ಆಗಿರಲಿ, ಮೊದಲು ಇಮೇಲ್‌ನಲ್ಲಿ ಕೇಳುವ ಆಯ್ಕೆ ಇರಲಿ. ತಾನಾಗಿ ಸೇರಿಸುವ ಪ್ರೊಫೈಲ್‌ಗಳಲ್ಲಿ ಅದೇ ಇನಿಷಿಯಲ್‌ನ ಕೃಷಿ ವಿಜ್ಞಾನಿಯ, ದಂತವೈದ್ಯರ ಪೇಪರ್‌ಗಳು ಕೂತು ವರ್ಷಗಟ್ಟಲೆ ಎಚ್-ಇಂಡೆಕ್ಸ್ ಏರಿಸುತ್ತಿರುತ್ತವೆ. ಮಾಲೀಕರಿಗೇ ಗೊತ್ತಿರುವುದಿಲ್ಲ, ಗೊತ್ತಾದ ಸಮಿತಿ ಅದನ್ನು ಅಮಾಯಕತೆ ಎಂದು ನಂಬಬೇಕಾಗಿಲ್ಲ. ನಿಮ್ಮದಲ್ಲದ್ದನ್ನು ಅಳಿಸಿ. ಅಳಿಸಿದ್ದು ಟ್ರ್ಯಾಶ್‌ನಲ್ಲಿರುತ್ತದೆ, ತಪ್ಪಾದರೆ ಹಿಂದಕ್ಕೆ ತರಬಹುದು.

ಸ್ಕೋಪಸ್‌ನಲ್ಲಿ ರೋಗ ತಿರುಗುಮುರುಗು: ಒಬ್ಬರೇ ವ್ಯಕ್ತಿ ಎರಡು ಮೂರು ಲೇಖಕ ಐಡಿಗಳಾಗಿ ಹಂಚಿಹೋಗಿರುತ್ತಾರೆ. ಚಂದಾ ಇಲ್ಲದಿದ್ದರೂ ಲೇಖಕರ ಹುಡುಕಾಟದ ಉಚಿತ ಪುಟ ತೆರೆಯುತ್ತದೆ. ನಿಮ್ಮ ಎಲ್ಲ ಹೆಸರಿನ ರೂಪಗಳನ್ನೂ ಅಲ್ಲಿ ಹುಡುಕಿ, ಸಿಕ್ಕ ಐಡಿಗಳನ್ನು ಒಂದಾಗಿಸುವಂತೆ ಲೇಖಕರ ತಿದ್ದುಪಡಿ ಫಾರಂ ಮೂಲಕ ಕೋರಿ. ಒಂದಾಗಲು ಸಮಯ ಬೇಕು, ಆದ್ದರಿಂದ ಅರ್ಜಿಯ ಕೊನೆಯ ದಿನಾಂಕಕ್ಕೆ ತಿಂಗಳಾದರೂ ಮೊದಲು ಈ ಕೆಲಸ ಮುಗಿಸಿ.

ಈಗ ಲೆಕ್ಕ

ಎಚ್-ಇಂಡೆಕ್ಸನ್ನು 2005ರಲ್ಲಿ ಸೂಚಿಸಿದವರು ಜಾರ್ಜ್ ಹಿರ್ಷ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಭೌತವಿಜ್ಞಾನಿ. ಕನಿಷ್ಠ ಎಚ್ ಸೈಟೇಶನ್ ಇರುವ ಎಚ್ ಪೇಪರ್‌ಗಳಿದ್ದರೆ ಇಂಡೆಕ್ಸ್ ಎಚ್. ಐ10 ಎಂಬುದು ಗೂಗಲ್ ಸ್ಕಾಲರ್‌ನದು: ಹತ್ತು ಅಥವಾ ಹೆಚ್ಚು ಸೈಟೇಶನ್ ಇರುವ ಪೇಪರ್‌ಗಳ ಸಂಖ್ಯೆ.

ಕೈಲೆಕ್ಕ ಮಾಡಿ ನೋಡಿದರೆ ಇದರ ಸ್ವಭಾವ ತಿಳಿಯುತ್ತದೆ. ಹನ್ನೊಂದು ಪೇಪರ್, ಸೈಟೇಶನ್ ಇಳಿಕೆಯ ಕ್ರಮದಲ್ಲಿ: 212, 96, 61, 40, 33, 21, 14, 9, 8, 3, 0. ಎಂಟನೆಯ ಪೇಪರಿಗೆ 9, ಸರಿ. ಒಂಬತ್ತನೆಯದಕ್ಕೆ 8, ಸಾಲದು. ಆದ್ದರಿಂದ ಎಚ್ 8. ಐ10 ಏಳು. ಒಟ್ಟು ಸೈಟೇಶನ್ 497.

ಮೊದಲ 212ರದು ಒಕ್ಕೂಟದ ಪೇಪರ್ ಎಂದುಕೊಂಡು ತೆಗೆಯಿರಿ. ಒಟ್ಟು 285ಕ್ಕೆ ಇಳಿಯಿತು, ಶೇ. 43ರಷ್ಟು ಹೋಯಿತು. ಎಚ್? ಈಗ ಎಂಟನೆಯ ಪೇಪರಿಗೆ ಸರಿಯಾಗಿ 8 ಇದೆ, ಎಚ್ 8ರಲ್ಲೇ ಉಳಿಯಿತು. ಇನ್ನು ಸ್ವಯಂ ಉಲ್ಲೇಖ ಕಳೆಯಿರಿ. 14ರಲ್ಲಿ ಎರಡು, 9ರಲ್ಲಿ ಮೂರು, 8ರಲ್ಲಿ ಮೂರು ನಿಮ್ಮದೇ ಪೇಪರ್‌ಗಳಿಂದ ಬಂದವು ಎಂದಿಟ್ಟುಕೊಳ್ಳಿ. ಸಾಲು 96, 61, 40, 33, 21, 12, 6, 5, 3, 0 ಆಯಿತು. ಏಳನೆಯದಕ್ಕೆ 6 ಮಾತ್ರ, ಹಾಗಾಗಿ ಎಚ್ 6. ಇನ್ನೂರು ಸೈಟೇಶನ್ನಿನ ಪೇಪರ್ ಹೋದರೂ ಕದಲದ ಅಂಕಿ ಎಂಟೇ ಎಂಟು ಸ್ವಯಂ ಉಲ್ಲೇಖ ಹೋದಾಗ ಎರಡು ಇಳಿಯಿತು. ಎಚ್-ಇಂಡೆಕ್ಸನ್ನು ಉಬ್ಬಿಸಬೇಕೆನ್ನುವವರು ಗಡಿಯ ಆಚೀಚೆ ಇರುವ ತಮ್ಮ ಪೇಪರ್‌ಗಳನ್ನೇ ಪದೇ ಪದೇ ಉಲ್ಲೇಖಿಸುವುದು ಈ ಕಾರಣಕ್ಕೆ, ಸಮಿತಿಗಳು ನೋಡಬೇಕಾದದ್ದೂ ಆ ಗಡಿಯನ್ನೇ.

ಸ್ವಯಂ ಉಲ್ಲೇಖವೆಲ್ಲ ಮೋಸವಲ್ಲ. ಐದು ವರ್ಷ ಒಂದೇ ನರಜಾಲದ ಮೇಲೆ ಕೆಲಸ ಮಾಡಿದ ಲ್ಯಾಬ್ ತನ್ನ ಹಿಂದಿನ ರೆಕಾರ್ಡಿಂಗ್ ವಿಧಾನವನ್ನು ಉಲ್ಲೇಖಿಸದೆ ಮುಂದಿನ ಪೇಪರ್ ಬರೆಯುವುದಾದರೂ ಹೇಗೆ? ಅಂಕಿಯನ್ನು ಎರಡೂ ಬಗೆಯಲ್ಲಿ ಕೊಟ್ಟುಬಿಡಿ, ಅಷ್ಟೇ. ಸ್ಕೋಪಸ್‌ನ ಸೈಟೇಶನ್ ಪುಟದಲ್ಲಿ ಸ್ವಯಂ ಉಲ್ಲೇಖ ಬಿಡುವ ಆಯ್ಕೆಯಿದೆ, ಎಲ್ಲ ಸಹಲೇಖಕರದ್ದನ್ನೂ ಬಿಡಲು ಬರುತ್ತದೆ. ಸ್ಕಾಲರ್‌ನಲ್ಲಿ ಆ ಸೌಲಭ್ಯವಿಲ್ಲ.

ದಾಖಲೆ ತಿದ್ದದ ಹೊರತು ಎಚ್ ಕಾಲ ಕಳೆದಂತೆ ಇಳಿಯದ ಅಂಕಿ ಎಂಬುದೂ ನೆನಪಿರಲಿ. ಕೆಲಸ ನಿಲ್ಲಿಸಿ ಹತ್ತು ವರ್ಷವಾದವರದ್ದೂ ಏರುತ್ತಿರುತ್ತದೆ. ಮೊದಲ ಪೇಪರಿನಿಂದ ಈಚೆಗೆ ಆದ ವರ್ಷಗಳಿಂದ ಭಾಗಿಸುವ ರೂಢಿಯಿದೆ, ಹೆರಿಗೆ ರಜೆ, ಎಂ.ಡಿ. ಓದು, ಆಸ್ಪತ್ರೆಯ ಡ್ಯೂಟಿಯ ವರ್ಷಗಳನ್ನು ಕಳೆಯದೆ ಭಾಗಿಸಿದರೆ ಅದೂ ಅನ್ಯಾಯವೇ.

ಕ್ಷೇತ್ರಕ್ಕೆ ಹೋಲಿಸಿ

ನರವಿಜ್ಞಾನ ಎಂಬ ಒಂದೇ ಹೆಸರಿನಡಿ ಬಹಳ ಭಿನ್ನ ವೇಗದ ಕೆಲಸಗಳಿವೆ. ಇಲಿಗಳಲ್ಲಿ ದೀರ್ಘಕಾಲದ ರೆಕಾರ್ಡಿಂಗ್ ಮಾಡುವವರಿಗೆ ಒಂದು ಪೇಪರಿಗೆ ನಾಲ್ಕೈದು ವರ್ಷ ಹಿಡಿಯುವುದುಂಟು. ಆಸ್ಪತ್ರೆಯ ನ್ಯೂರಾಲಜಿಯಲ್ಲಿ ಕೇಸ್ ರಿಪೋರ್ಟ್‌ಗಳು ಬೇಗ ಬರುತ್ತವೆ, ಸೈಟೇಶನ್ ಕಡಿಮೆ. ಇವರಿಬ್ಬರ ಎಚ್ ಅನ್ನು ಒಂದೇ ಕೋಷ್ಟಕದಲ್ಲಿ ಇಡುವ ಆಯ್ಕೆ ಸಮಿತಿಗೆ ಏನೂ ತಿಳಿಯುವುದಿಲ್ಲ.

ಉಚಿತವಾಗಿ ಸಿಗುವ ಒಳ್ಳೆಯ ಸಾಧನ ಐಸೈಟ್, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ಎನ್‌ಐಎಚ್‌ನದು. ಶೀಟಿನ ಪಬ್‌ಮೆಡ್ ಸಂಖ್ಯೆಗಳನ್ನು ಪೆಟ್ಟಿಗೆಗೆ ಅಂಟಿಸಿದರೆ ಪ್ರತಿ ಪೇಪರಿಗೂ ಆರ್‌ಸಿಆರ್ ಎಂಬ ಅನುಪಾತ ಕೊಡುತ್ತದೆ. ಒಂದು ಪೇಪರ್ ವರ್ಷಕ್ಕೆ ಪಡೆದ ಸೈಟೇಶನ್ನನ್ನು, ಅದರ ಜೊತೆಗೆ ಉಲ್ಲೇಖಗೊಳ್ಳುವ ಪೇಪರ್‌ಗಳ ಮೂಲಕ ಗುರುತಿಸಿದ ಕ್ಷೇತ್ರದ ನಿರೀಕ್ಷಿತ ದರದಿಂದ ಭಾಗಿಸುತ್ತದೆ. ಎನ್‌ಐಎಚ್ ಹಣ ಪಡೆದ ಪೇಪರ್‌ಗಳ ಮಧ್ಯಾಂಕಕ್ಕೆ 1.0 ಬರುವಂತೆ ಹೊಂದಿಸಲಾಗಿದೆ. 2.0 ಬಂದರೆ ಅದರ ಎರಡರಷ್ಟು. ತೀರಾ ಹೊಸ ಪೇಪರ್‌ಗಳ ಅಂಕಿ ತಾತ್ಕಾಲಿಕ, ಅದನ್ನು ಅರ್ಜಿಗೆ ಹಾಕಬೇಡಿ. ಪಬ್‌ಮೆಡ್‌ನಲ್ಲಿಲ್ಲದ ಪೇಪರಿಗೆ ಆರ್‌ಸಿಆರ್ ಇಲ್ಲವೇ ಇಲ್ಲ.

ಸ್ಕೋಪಸ್ ಚಂದಾ ಇರುವವರಿಗೆ ಅಲ್ಲಿ ಎಫ್‌ಡಬ್ಲ್ಯುಸಿಐ ಎಂಬ, ಕ್ಷೇತ್ರಕ್ಕೆ ಹೊಂದಿಸಿದ ಸೈಟೇಶನ್ ಅನುಪಾತ ಸಿಗುತ್ತದೆ. ಅದೇ ವರ್ಷ, ಅದೇ ಬಗೆ, ಅದೇ ವಿಷಯದ ಪೇಪರ್‌ಗಳ ಜಾಗತಿಕ ಸರಾಸರಿಗೆ 1.0. ಸಂಶೋಧಕರೊಬ್ಬರ ಹತ್ತು ಪೇಪರ್‌ಗಳ ಸರಾಸರಿ ಎಫ್‌ಡಬ್ಲ್ಯುಸಿಐ ಒಂದು ದೊಡ್ಡ ಪೇಪರಿನಿಂದ ಹಾರಿಹೋಗುತ್ತದೆ, ಆದ್ದರಿಂದ ಸರಾಸರಿಗಿಂತ ಮಧ್ಯಾಂಕ ಕೇಳಿ. ಸ್ಕೋಪಸ್ ಚಂದಾಕ್ಕೆ ಹಣವಿಲ್ಲದ ಸಂಸ್ಥೆಗಳಿಗೆ 2022ರಲ್ಲಿ ಶುರುವಾದ ಓಪನ್‌ಅಲೆಕ್ಸ್ ಎಂಬ ದತ್ತಾಂಶಕೋಶ ಮುಕ್ತವಾಗಿದೆ. ಲೇಖಕರನ್ನು ಬೆರೆಸುವ ತಪ್ಪು ಅಲ್ಲೂ ಆಗುತ್ತದೆ, ಶೀಟಿಗೆ ತಾಳೆ ನೋಡದೆ ಬಳಸಬೇಡಿ.

ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರನ್ನು ಪೇಪರ್‌ನ ಅಂಕದಂತೆ ಬಳಸುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ. 2024ರ ಅಂಕಿ ಎಂದರೆ, 2022 ಮತ್ತು 2023ರಲ್ಲಿ ಆ ಜರ್ನಲ್ ಪ್ರಕಟಿಸಿದ್ದಕ್ಕೆ 2024ರಲ್ಲಿ ಬಂದ ಸೈಟೇಶನ್‌ಗಳು, ಭಾಗಿಸು ಆ ಎರಡು ವರ್ಷಗಳ ಸಂಶೋಧನಾ ಮತ್ತು ರಿವ್ಯೂ ಲೇಖನಗಳ ಸಂಖ್ಯೆ. ಸಂಪಾದಕೀಯಕ್ಕೆ, ಪತ್ರಕ್ಕೆ ಬಂದ ಸೈಟೇಶನ್ ಮೇಲಿನ ಸಂಖ್ಯೆಗೆ ಸೇರುತ್ತದೆ, ಅವು ಕೆಳಗಿನ ಸಂಖ್ಯೆಗೆ ಸೇರುವುದಿಲ್ಲ. ಸರಾಸರಿಯನ್ನು ಎಳೆಯುವುದು ಕೆಲವೇ ಪೇಪರ್‌ಗಳು, ಬಹುಪಾಲು ಪೇಪರ್‌ಗಳು ಅದಕ್ಕಿಂತ ಕೆಳಗಿರುತ್ತವೆ. ಇದನ್ನು ವ್ಯಕ್ತಿಗಳ ಮೌಲ್ಯಮಾಪನಕ್ಕೆ ಬಳಸಬಾರದೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರೂಪುಗೊಂಡ ಡೋರಾ ಘೋಷಣೆ ಹೇಳಿ ದಶಕ ದಾಟಿದೆ. ಫಾರಂ ಕೇಳಿದರೆ ತುಂಬಿ, ಕೇಳದಿದ್ದರೆ ನೀವಾಗಿ ಹಾಕಬೇಡಿ. ಇನ್ನು ಮಾನ್ಯ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಯುಜಿಸಿಯೇ ಕೈಬಿಟ್ಟಿದೆ. ಹಳೆಯ ಫಾರಂ ಅದನ್ನು ಇನ್ನೂ ಕೇಳುತ್ತಿದ್ದರೆ ಪ್ರಕಟವಾದ ದಿನಾಂಕದಲ್ಲಿ ಜರ್ನಲ್ ಪಟ್ಟಿಯಲ್ಲಿತ್ತೇ ಎಂಬುದನ್ನು ಬರೆಯಿರಿ.

ಸೈಟೇಶನ್ ಯಾಕೆ ಬಂತು?

ಅತಿ ಹೆಚ್ಚು ಸೈಟೇಶನ್ ಬಂದ ನಿಮ್ಮ ಐದು ಪೇಪರ್‌ಗಳನ್ನು ಆರಿಸಿಕೊಂಡು, ಒಂದೊಂದನ್ನೂ ಉಲ್ಲೇಖಿಸಿದ ಇಪ್ಪತ್ತು ಪೇಪರ್ ತೆರೆಯಿರಿ. ನಿಮ್ಮ ಹೆಸರು ವಿಧಾನಗಳ ಭಾಗದಲ್ಲಿದೆಯೋ, ಪೀಠಿಕೆಯಲ್ಲಿ ಹತ್ತು ಹೆಸರುಗಳ ಜೊತೆ ಸಾಲಾಗಿದೆಯೋ, ಚರ್ಚೆಯಲ್ಲಿ ಒಂದು ಪೂರ್ತಿ ಪ್ಯಾರಾ ಇದೆಯೋ ನೋಡಿ. ಮೂರೂ ಬೇರೆ ಬೇರೆ ಬಗೆಯ ಪ್ರಭಾವ.

ವಿಧಾನಗಳ ಭಾಗದ ಸೈಟೇಶನ್‌ಗೆ ಒಳ್ಳೆಯ ಉದಾಹರಣೆ ಇಇಜಿ ವಿಶ್ಲೇಷಿಸುವ ಇಇಜಿಲ್ಯಾಬ್ ಸಾಫ್ಟ್‌ವೇರ್ ಬಗ್ಗೆ 2004ರಲ್ಲಿ ಬಂದ ಪೇಪರ್. ಅದನ್ನು ಉಲ್ಲೇಖಿಸಿದ ಸಾವಿರಾರು ಜನ ಅದರ ವಾದವನ್ನು ಒಪ್ಪಿದವರೋ ವಿರೋಧಿಸಿದವರೋ ಅಲ್ಲ, ಸಾಫ್ಟ್‌ವೇರ್ ಬಳಸಿದವರು. ಸ್ಮರಣೆ, ಗಮನ, ಭಾಷೆಯಂಥ ಮಾನಸಿಕ ಸಾಮರ್ಥ್ಯಗಳನ್ನು ನೋಡುವ 1975ರ ಎಂಎಂಎಸ್‌ಇ ಪರೀಕ್ಷೆಯದೂ ಹಾಗೆಯೇ. ಸಾಧನ ಕಟ್ಟಿಕೊಟ್ಟದ್ದು ದೊಡ್ಡ ಕೊಡುಗೆ, ಅದನ್ನು ಆ ಹೆಸರಿನಲ್ಲೇ ಹೇಳಿ. ರಿವ್ಯೂಗಳಿಗೆ ಸಹಜವಾಗಿಯೇ ಸೈಟೇಶನ್ ಹೆಚ್ಚು, ಆದ್ದರಿಂದ ಮೂಲ ಸಂಶೋಧನೆಯ ಲೆಕ್ಕ ಬೇರೆಯಾಗಿರಲಿ.

ನಿಧಾನ ಬೆಲೆ ಬರುವ ಪೇಪರ್‌ಗಳೂ ಇವೆ. ಜಾನ್ ಓಕೀಫ್ ಮತ್ತು ಜೊನಾಥನ್ ಡೊಸ್ಟ್ರೋವ್‌ಸ್ಕಿ ಇಲಿಯ ಹಿಪೊಕ್ಯಾಂಪಸ್‌ನಲ್ಲಿ ಸ್ಥಳ ಗುರುತಿಸುವ ಕೋಶಗಳ ಬಗ್ಗೆ 'ಬ್ರೇನ್ ರಿಸರ್ಚ್'ನಲ್ಲಿ ಪ್ರಕಟಿಸಿದ ಚಿಕ್ಕ ಪೇಪರ್ 1971ರದು. ಓಕೀಫ್‌ಗೆ ನೊಬೆಲ್ ಬಂದದ್ದು 2014ರಲ್ಲಿ. ಎರಡು ವರ್ಷದ ಕಿಟಕಿಯಲ್ಲಿ ಇಂಥದ್ದು ಕಾಣುವುದಿಲ್ಲ.

ಹಿಂತೆಗೆದ ಪೇಪರ್‌ಗಳನ್ನು ಹುಡುಕುವುದು ಕೊನೆಯ ತಪಾಸಣೆ. ಹಿಂತೆಗೆದ ಪೇಪರ್‌ಗಳ ಪಟ್ಟಿಯಾದ ರಿಟ್ರ್ಯಾಕ್ಷನ್ ವಾಚ್ ದತ್ತಾಂಶವನ್ನು 2023ರಲ್ಲಿ ಕ್ರಾಸ್‌ರೆಫ್ ಪಡೆದು ಮುಕ್ತಗೊಳಿಸಿದೆ. ಉಲ್ಲೇಖಗಳನ್ನು ಜೋಡಿಸಿಡುವ ಝೊಟೆರೊ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಪಟ್ಟಿ ಹಾಕಿದರೂ ಹಿಂತೆಗೆದದ್ದಕ್ಕೆ ಕೆಂಪು ಗುರುತು ಬರುತ್ತದೆ. ಹಿಂತೆಗೆತದಿಂದ ಸೈಟೇಶನ್ ಸಂಖ್ಯೆ ಮಾಯವಾಗುವುದಿಲ್ಲ. ಎ-ಬೀಟಾ ಸ್ಟಾರ್ 56 ಎಂಬ ಪ್ರೋಟೀನ್ ರೂಪ ಸ್ಮರಣೆಯನ್ನು ಕೆಡಿಸುತ್ತದೆ ಎಂದು 2006ರಲ್ಲಿ 'ನೇಚರ್' ಪ್ರಕಟಿಸಿದ ಆಲ್ಝೈಮರ್ಸ್ ಪೇಪರ್‌ನ ಚಿತ್ರಗಳ ಬಗ್ಗೆ 2022ರಲ್ಲಿ ಬಹಿರಂಗ ಸಂಶಯ ಎದ್ದು, 2024ರ ಜೂನ್‌ನಲ್ಲಿ ಅದನ್ನು ಹಿಂತೆಗೆಯಲಾಯಿತು. ಅಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸೈಟೇಶನ್ ಸೇರಿತ್ತು, ಅವು ಈಗಲೂ ಎಣಿಕೆಯಲ್ಲಿವೆ. ನಿಮ್ಮ ಪಟ್ಟಿಯಲ್ಲಿ ಹಿಂತೆಗೆದ ಪೇಪರ್ ಇದ್ದರೆ ಸಾಲನ್ನು ಅಳಿಸದೆ, ಹಿಂತೆಗೆತದ ದಿನಾಂಕ ಮತ್ತು ಕಾರಣ ಬರೆದು, ಅದರ ಸೈಟೇಶನ್ ಬಿಟ್ಟು ಎಣಿಸಿ. ತಿದ್ದುಪಡಿ ಬೇರೆ ಮಾತು. ಮಿದುಳಿನ ಚಟುವಟಿಕೆಯ ಚಿತ್ರ ತೆಗೆಯುವ ಎಫ್‌ಎಂಆರ್‌ಐ ವಿಶ್ಲೇಷಣೆಯ ತಪ್ಪು ಧನಾತ್ಮಕಗಳ (ಇಲ್ಲದ್ದನ್ನು ಇದೆ ಎಂದು ತೋರಿಸುವ ಫಲಿತಾಂಶಗಳ) ಬಗ್ಗೆ 2016ರಲ್ಲಿ ಬಂದ ಹೆಸರಾಂತ ಪೇಪರ್ ಮೊದಲು 40,000 ಅಧ್ಯಯನಗಳು ಸಂಶಯಕ್ಕೊಳಗಾಗಿವೆ ಎಂದಿತ್ತು. ಲೇಖಕರೇ ಆ ಸಂಖ್ಯೆಯನ್ನು ತಿದ್ದಿದರು, ಪೇಪರ್ ನಿಂತಿದೆ.

ಅರ್ಜಿಯಲ್ಲಿ ಬರೆಯುವುದು

ಒಂದು ಸಾಲು ಅಂಕಿ, ಐದು ಪೇಪರಿಗೆ ಐದು ಪ್ಯಾರಾ. ಅಂಕಿಯ ಸಾಲಿನಲ್ಲಿ ಕೋಶದ ಹೆಸರು, ದಿನಾಂಕ, ಏನನ್ನು ಬಿಟ್ಟಿದ್ದೀರಿ ಎಂಬುದು ಇರಲೇಬೇಕು. ಮೇಲಿನ ಲೆಕ್ಕವನ್ನೇ ಬಳಸಿದರೆ ಹೀಗೆ: 'ಸ್ಕೋಪಸ್, ಇಂಥ ದಿನಾಂಕ: 11 ಪೇಪರ್, 497 ಸೈಟೇಶನ್, ಎಚ್ 8. ಒಂದು ಒಕ್ಕೂಟದ ಪೇಪರ್ ಮತ್ತು ಸ್ವಯಂ ಉಲ್ಲೇಖ ಬಿಟ್ಟರೆ 277 ಸೈಟೇಶನ್, ಎಚ್ 6.' ಈ ಎರಡನೆಯ ವಾಕ್ಯ ಬರೆಯಲು ಹಿಂಜರಿಯುವವರೇ ಹೆಚ್ಚು, ಆದರೆ ಅದನ್ನು ಓದಿದ ಸಮಿತಿ ಮೊದಲನೆಯ ವಾಕ್ಯವನ್ನು ನಂಬುತ್ತದೆ.

ಪೇಪರ್‌ನ ಪ್ಯಾರಾದಲ್ಲಿ ಏನು ಕಂಡುಹಿಡಿದಿರಿ, ಅದರಲ್ಲಿ ನಿಮ್ಮ ಕೈ ಎಷ್ಟು, ಆಮೇಲೆ ಯಾರು ಅದನ್ನು ಹೇಗೆ ಬಳಸಿದರು ಎಂಬ ಮೂರು ಸಂಗತಿ ಸಾಕು. ಬೇರೆ ಲ್ಯಾಬ್ ಪ್ರಯೋಗವನ್ನು ಪುನರಾವರ್ತಿಸಿದೆಯೇ, ಚಿಕಿತ್ಸಾ ಮಾರ್ಗಸೂಚಿಯಲ್ಲಿ ಸೇರಿದೆಯೇ, ನಿಮ್ಮ ದತ್ತಾಂಶವನ್ನು ಇಳಿಸಿಕೊಂಡು ಹೊಸ ಪೇಪರ್ ಬರೆದಿದ್ದಾರೆಯೇ ಎಂಬುದನ್ನು ಹೆಸರಿಸಿ ಹೇಳಿ. 'ವ್ಯಾಪಕವಾಗಿ ಉಲ್ಲೇಖಿತ' ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಕಳಿಸಿದ ದಿನ ಶೀಟಿನ ಒಂದು ಪ್ರತಿಯನ್ನು ದಿನಾಂಕ ಹಾಕಿ ಬೇರೆಯಾಗಿ ಉಳಿಸಿ, ಸ್ಕಾಲರ್ ಮತ್ತು ಸ್ಕೋಪಸ್ ಪುಟಗಳ ಪಿಡಿಎಫ್ ಕೂಡ. ಸಂದರ್ಶನ ಆರು ತಿಂಗಳ ಮೇಲೆ ಬರಬಹುದು. ಅಷ್ಟರಲ್ಲಿ ಅಂಕಿಗಳು ಬದಲಾಗಿರುತ್ತವೆ, ಕೆಲವು ಸಲ ಕೋಶದವರು ಜೋಡಿ ದಾಖಲೆಗಳನ್ನು ತೆಗೆದುಹಾಕಿದ್ದರಿಂದ ಕಡಿಮೆಯೂ ಆಗಿರುತ್ತವೆ. ಸ್ಕಾಲರ್ ಪ್ರೊಫೈಲ್ ಹಿಂದಿನ ದಿನಾಂಕದ ಎಚ್-ಇಂಡೆಕ್ಸನ್ನು ತೋರಿಸುವುದಿಲ್ಲ, ಅರ್ಜಿಯಲ್ಲಿ ಬರೆದ ಸಂಖ್ಯೆ ಎಲ್ಲಿಂದ ಬಂತೆಂದು ಕೇಳಿದಾಗ ಮುಂದಿಡಲು ಆ ಪ್ರತಿಯೇ ಬೇಕು.